ಓಕ್ ಕಾಯಿ ಬೇರು ಬಿಟ್ಟಿದೆ, ಚಿಗುರು ಏಕಿಲ್ಲ?

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ನಮ್ಮ ಮನೆಯ ಸಮೀಪದ ಉದ್ಯಾನದಿಂದ ಅಕ್ಟೋಬರ್‌ನಲ್ಲಿ ಆಯ್ದು ತಂದ ಹತ್ತು ಓಕ್ ಕಾಯಿಗಳನ್ನು ಹೊರಗಿನ ಕುಂಡಗಳಲ್ಲಿ ಊರಿದ್ದೆ. ಈಗ ಜನವರಿ. ಒಂದನ್ನು ಕೆದಕಿ ನೋಡಿದಾಗ ಬೆರಳುದ್ದ ಬೇರು ಇಳಿದಿತ್ತು, ಆದರೆ ಚಿಗುರಿನ ಸುಳಿವೇ ಇಲ್ಲ. ಕುಂಡಗಳನ್ನು ಮನೆಯೊಳಗೆ ತಂದಿಡಬೇಕೇ?

ಉತ್ತರ 1: ದಯವಿಟ್ಟು ಒಳಗೆ ತರಬೇಡಿ, ಮತ್ತೆ ಕೆದಕಲೂ ಬೇಡಿ. ಇಂಗ್ಲಿಷ್ ಓಕ್ ಶರತ್ಕಾಲದಲ್ಲೇ ಬೇರು ಬಿಟ್ಟು, ಚಳಿ ಕಳೆದು ವಸಂತ ಬಂದ ಮೇಲಷ್ಟೇ ಚಿಗುರನ್ನು ಮೇಲಕ್ಕೆ ಕಳುಹಿಸುತ್ತದೆ. ಅಲ್ಲಿಯವರೆಗೆ ಮಣ್ಣು ತೇವವಾಗಿರಬೇಕೇ ಹೊರತು ನೀರು ನಿಲ್ಲಬಾರದು. ತಾಯಿಬೇರು ನೇರವಾಗಿ ಆಳಕ್ಕೆ ಇಳಿಯುವುದರಿಂದ ಅಗಲವಾದ ಕುಂಡಕ್ಕಿಂತ ಆಳವಾದ ಕುಂಡವೇ ಲೇಸು.

ಉತ್ತರ 2: ಅಳಿಲು, ಇಲಿಗಳ ಕಾಟವನ್ನು ಮರೆಯಬೇಡಿ. ಸಣ್ಣ ಕಣ್ಣಿನ ತಂತಿಬಲೆ ಹೊದಿಸದ ಕಾರಣ ನಾನು ಒಂದು ವರ್ಷ ಎಲ್ಲ ಕಾಯಿಗಳನ್ನೂ ಕಳೆದುಕೊಂಡೆ.

ಉತ್ತರ 3: ಮೊದಲ ಉತ್ತರ ಸರಿಯಾಗಿದೆ, ಆದರೆ ಅಮೆರಿಕದ ಕೆಂಪು ಓಕ್‌ಗೆ ಅದು ಪೂರ್ತಿ ಅನ್ವಯಿಸದು. ಅದರ ಕಾಯಿಗಳು ಚಳಿಗಾಲವನ್ನು ಕಳೆದ ನಂತರವೇ ಮೊಳೆಯುವುದರಿಂದ ಇಲ್ಲಿ ನಾವು ಅವನ್ನು ಒದ್ದೆ ಮರಳಿನೊಂದಿಗೆ ಫ್ರಿಜ್‌ನಲ್ಲಿ ಇಡುತ್ತೇವೆ. ಎರಡೂ ಬಗೆಯ ಕಾಯಿಗಳು ಒಣಗಿದರೆ ಸತ್ತೇ ಹೋಗುತ್ತವೆ. ರಾಗಿ, ಅವರೆ ಬೀಜಗಳಂತೆ ಡಬ್ಬಿಯಲ್ಲಿ ಕಾದಿಡಲಾಗದು.