ಪದಚರ್ಚೆ: ‘ಕೋಸ್ಟಿಂಗ್’, ‘ಐಡ್ಲಿಂಗ್’, ‘ಎಂಜಿನ್ ಬ್ರೇಕಿಂಗ್’ – ಘಾಟಿ ಫಲಕಕ್ಕೆ ಕನ್ನಡ ಬೇಕು, ತುರ್ತು

ಕೇಳಿಕೆ – ತೀರ್ಥಹಳ್ಳಿಯಿಂದ

ಎಲ್ಲರಿಗೂ ನಮಸ್ಕಾರ. ಆಗುಂಬೆಯ ಟ್ಯಾಕ್ಸಿ ಚಾಲಕರು ಸೇರಿ ಒಂದು ಫಲಕ ಬರೆಸುತ್ತಿದ್ದಾರೆ. ಜೊತೆಗೆ, ಘಾಟಿ ಇಳಿಯಲು ಬರುವ ಕಾರಿನವರ ಕೈಗೆ ಕೊಡಲು ಒಂದು ಕರಪತ್ರ. ಗಾಡಿ ಓಡಿಸುವ ರೀತಿಯಿಂದ ಪೆಟ್ರೋಲ್, ಡೀಸೆಲ್ ಎಷ್ಟು ಉಳಿಯುತ್ತೆ, ಎಷ್ಟು ಹಾಳಾಗುತ್ತೆ ಅನ್ನೋದು ವಿಷಯ. ಮೂಲ ಇಂಗ್ಲಿಷಿನಲ್ಲಿದೆ. ಕನ್ನಡ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಪೇಂಟರ್ ನಾಳೆ ಬೆಳಿಗ್ಗೆ ಬರುತ್ತಾರೆ.

ಮೂರು ಕಡೆ ನಿಂತಿದ್ದೇನೆ. ಕೋಸ್ಟಿಂಗ್: ಇಳಿಜಾರಿನಲ್ಲಿ ಗೇರ್ ತೆಗೆದು ಗಾಡಿಯನ್ನು ಅದರ ಪಾಡಿಗೆ ಹೋಗಲು ಬಿಡುವುದು. ಐಡ್ಲಿಂಗ್: ಗಾಡಿ ನಿಂತಿದೆ, ಎಂಜಿನ್ ಓಡ್ತಾ ಇದೆ. ಎಂಜಿನ್ ಬ್ರೇಕಿಂಗ್: ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ, ಗೇರಿನಲ್ಲಿರುವ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುವುದು.

ಸದ್ಯಕ್ಕೆ ‘ಉರುಳುಚಾಲನೆ’, ‘ನಿಷ್ಕ್ರಿಯ ಚಾಲನೆ’, ‘ಎಂಜಿನ್ ತಡೆ’ ಎಂದು ಬರೆದಿಟ್ಟಿದ್ದೇನೆ. ಒಂದೂ ಬಾಯಿಗೆ ಕೂರುತ್ತಿಲ್ಲ. ತಲೆಬರಹ ‘ಇಂಧನ ಕ್ಷಮತೆ’ ಎಂದಿದೆ. ಸರ್ಕಾರಿ ಜಾಹೀರಾತುಗಳಲ್ಲಿ ಈ ಪದ ಬರುತ್ತೆ ನಿಜ, ಆದರೆ ನಮ್ಮ ಚಾಲಕರು ಅದನ್ನು ಕ್ಷಮಿಸುವುದಕ್ಕೆ ಸಂಬಂಧಪಟ್ಟದ್ದು ಅಂದುಕೊಂಡರು. ಫಲಕದಲ್ಲಿ ಎರಡೇ ಸಾಲಿಗೆ ಜಾಗ. ಓಡುವ ಗಾಡಿಯಿಂದ ಓದುವಂತಿರಬೇಕು.

ಉತ್ತರ – ಸಾಗರದಿಂದ

ಮೂರನ್ನೂ ತೆಗೆದುಹಾಕಿ. ‘ಚಾಲನೆ’, ‘ನಿಷ್ಕ್ರಿಯ’, ‘ಕ್ಷಮತೆ’ ಯಾವುದೂ ನಮ್ಮದಲ್ಲ. ಕೋಸ್ಟಿಂಗಿಗೆ ‘ಬಿಟ್ಟೋಟ’. ಐಡ್ಲಿಂಗಿಗೆ ‘ನಿಂತುರಿ’. ಎಂಜಿನ್ನಿಗೆ ‘ಬಿಣಿಗೆ’ ಅನ್ನುವ ಪದ ಈಗಾಗಲೇ ಓಡಾಡುತ್ತಿದೆ, ಹಾಗಾಗಿ ‘ಬಿಣಿಗೆತಡೆ’. ತಲೆಬರಹಕ್ಕೆ ‘ಉರುವಲುಳಿಕೆ’.

ಪೆಟ್ರೋಲನ್ನೂ ಬಿಡಬೇಕಿಲ್ಲ. ಗ್ರೀಕಿನಲ್ಲಿ ಪೆಟ್ರ ಅಂದರೆ ಬಂಡೆ. ಲ್ಯಾಟಿನ್ನಿನಲ್ಲಿ ಓಲಿಯಂ ಅಂದರೆ ಎಣ್ಣೆ. ‘ಕಲ್ಲೆಣ್ಣೆ’ ಎಂದರೆ ಮುಗಿಯಿತು. ಎಣ್ಣೆ ಅನ್ನುವ ಪದವನ್ನೇ ನೋಡಿ. ಎಳ್ + ನೆಯ್. ಎಳ್ಳಿನ ಜಿಡ್ಡು. ಬೆಳ್ + ನೆಯ್ ಬೆಣ್ಣೆ ಆದ ಹಾಗೆ. ಎಳ್ಳಿಗೆ ಹುಟ್ಟಿದ ಪದ ಕೊಬ್ಬರಿಗೆ ಹೊಂದಿತು, ಹರಳಿಗೆ ಹೊಂದಿತು, ಸೀಮೆಎಣ್ಣೆಗೂ ಹೊಂದಿತು. ಪೆಟ್ರೋಲಿಗೆ ಯಾಕೆ ಹೊಂದುವುದಿಲ್ಲ? ನಮ್ಮ ಪದಗಳನ್ನು ನಾವೇ ದುಡಿಸದಿದ್ದರೆ ಇನ್ಯಾರು ದುಡಿಸುತ್ತಾರೆ?

ಉತ್ತರ – ಶಿವಮೊಗ್ಗದಿಂದ

ಇವತ್ತು ಬರೀ ‘ಎಣ್ಣೆ’ ಅಂದರೆ ಬಾಟಲಿ ಎಂದೇ ಅರ್ಥ. ಗಾಡಿ ಓಡಿಸುವವರಿಗೆ ಹಾಕುವ ಫಲಕದಲ್ಲಿ ಆ ಪದ ಬರಲೇಬಾರದು. ‘ನಿಂತುರಿ’ ಓದಿದರೆ ಗಾಡಿಗೆ ಬೆಂಕಿ ಬಿದ್ದಿದೆ ಅನ್ನಿಸುತ್ತೆ. ‘ಬಿಣಿಗೆ’ ಯಾವ ಗ್ಯಾರೇಜಿನಲ್ಲಿ ಕೇಳಿದ್ದೀರಿ?

ಕೇಳಿದವರಿಗೆ: ‘ಇಂಧನ ಉಳಿತಾಯ’ ಬರೆಯುವ ಮನಸ್ಸಿದ್ದರೆ ಬೇಡ. ಸಂಸ್ಕೃತ ಪದಕ್ಕೆ ಕನ್ನಡ ಪದ ಕೂಡಿಸಿದ ಅರಿಸಮಾಸ. ಹನ್ನೆರಡನೇ ಶತಮಾನದಲ್ಲೇ ಕವಿ ನಯಸೇನ ತುಪ್ಪವನ್ನೂ ಎಣ್ಣೆಯನ್ನೂ ಬೆರೆಸುವುದು ಸರಿಯೇ ಎಂದು ಕೇಳಿದ್ದಾನೆ. ‘ಇಂಧನ ಮಿತವ್ಯಯ’ ಶುದ್ಧವಾದದ್ದು. ಅದನ್ನು ಬಳಸಿ.

ಉತ್ತರ – ಕೊಪ್ಪದಿಂದ

ನಯಸೇನ ಬೇಸತ್ತದ್ದು ಕನ್ನಡದೊಳಗೆ ಸಂಸ್ಕೃತ ತುರುಕುವವರ ಮೇಲೆ. ಅವನನ್ನೇ ‘ಮಿತವ್ಯಯ’ಕ್ಕೆ ಸಾಕ್ಷಿ ಕರೆಯಬೇಡಿ.

‘ಉರುಳು’ ಆಗದು. ಪತ್ರಿಕೆಯಲ್ಲಿ ‘ಕಾರು ಉರುಳಿತು’ ಅಂದರೆ ಪಲ್ಟಿ. ‘ಬಿಟ್ಟೋಟ’ವೂ ಆಗದು. ನಮ್ಮ ಕಡೆ ‘ಕಾರು ಬಿಡಕ್ಕೆ ಬರುತ್ತಾ’ ಅಂದರೆ ಓಡಿಸಕ್ಕೆ ಬರುತ್ತಾ ಅಂತ. ‘ಬಸ್ಸು ಬಿಟ್ಟಿತು’ ಅಂದರೆ ಹೊರಟಿತು ಅಂತ. ಹೀಗಿರುವಾಗ ‘ಬಿಟ್ಟೋಟ’ದಲ್ಲಿ ಬಿಟ್ಟದ್ದು ಏನನ್ನು? ಕಾಲನ್ನೋ, ಗೇರನ್ನೋ, ಸ್ಟಿಯರಿಂಗನ್ನೋ? ‘ಜಾರು’ ಹತ್ತಿರ ಬರುತ್ತೆ. ಆದರೆ ಮಳೆಗಾಲದಲ್ಲಿ ‘ಗಾಡಿ ಜಾರಿತು’ ಅಂದರೆ ಟೈರಿನ ಹಿಡಿತ ತಪ್ಪಿತು ಅಂತಲೇ ಅರ್ಥ.

ಉತ್ತರ – ಹೊಸನಗರದಿಂದ

ಪದಕ್ಕೆ ಮೊದಲು ವಿಷಯ ಸರಿ ಮಾಡಿಕೊಳ್ಳೋಣ. ನಾನು ಕಾರು ಕಲಿಸುವವನು. ಕಲಿಯುವವರನ್ನು ಕೂರಿಸಿಕೊಂಡು ಹುಲಿಕಲ್ ಘಾಟಿ ಇಳಿಯುವುದು ನನ್ನ ಕೆಲಸ. ನಿಮ್ಮ ಮೂಲದಲ್ಲಿ ಕೋಸ್ಟಿಂಗ್ ‘ಹೀಗೆ ಉಳಿಸಿ’ ಎಂಬುದರ ಕೆಳಗಿದೆಯೋ, ‘ಹೀಗೆ ಮಾಡಬೇಡಿ’ ಎಂಬುದರ ಕೆಳಗಿದೆಯೋ? ಪದ ಆರಿಸುವುದು ಅದರ ಮೇಲೆ.

ಘಾಟಿ ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತೆ ಅನ್ನೋ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಅದು ಕಾರ್ಬುರೇಟರ್ ಕಾಲದ್ದು. ಅಂಬಾಸಿಡರ್, ಪದ್ಮಿನಿ ಕಾರುಗಳಲ್ಲಿ ಗೇರಿನಲ್ಲಿ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತಾ ಪೆಟ್ರೋಲನ್ನೂ ಎಳೆದುಕೊಳ್ಳುತ್ತಿತ್ತು. ಆಗ ನ್ಯೂಟ್ರಲ್‌ನಿಂದ ಸ್ವಲ್ಪ ಉಳಿಯುತ್ತಿತ್ತು. ಈಗಿನ ಕಾರಿನಲ್ಲಿ ಇಂಧನವನ್ನು ಅಳೆದು ಚಿಮ್ಮಿಸುವ ಇಂಜೆಕ್ಟರ್ ಇದೆ. ಗೇರಿನಲ್ಲಿದ್ದು ಕಾಲು ಪೂರ್ತಿ ತೆಗೆದರೆ, ಎಂಜಿನ್ ಐಡಲ್‌ಗಿಂತ ಜೋರಾಗಿ ತಿರುಗುತ್ತಿರುವಷ್ಟು ಹೊತ್ತೂ ಕಂಪ್ಯೂಟರ್ ಇಂಧನವನ್ನೇ ನಿಲ್ಲಿಸುತ್ತೆ. ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುತ್ತೆ. ನ್ಯೂಟ್ರಲ್ ಹಾಕಿದಿರೋ, ಎಂಜಿನ್ ಆರದಂತೆ ಇಟ್ಟುಕೊಳ್ಳಲು ಪೆಟ್ರೋಲ್ ಬೇಕೇ ಬೇಕು. ಹಳೆ ಡೀಸೆಲ್ ಜೀಪಿನಲ್ಲೂ ಇಳಿಯುವಾಗ ಪಂಪು ಡೀಸೆಲ್ ಕಟ್ ಮಾಡುತ್ತಿತ್ತು. ಅಲ್ಲಿ ನ್ಯೂಟ್ರಲ್ ಯಾವತ್ತೂ ಲಾಭದ್ದಲ್ಲ.

ಕಾರಿನ ಮುಂದಿನ ಪರದೆಯಲ್ಲಿ ಆ ಕ್ಷಣಕ್ಕೆ ಲೀಟರಿಗೆ ಎಷ್ಟು ಕಿಲೋಮೀಟರ್ ಅನ್ನೋ ಲೆಕ್ಕ ಬರುತ್ತಲ್ಲ, ಅದನ್ನು ಕಲಿಯುವವರಿಗೆ ತೋರಿಸುತ್ತೇನೆ. ಎರಡನೇ ಗೇರಿನಲ್ಲಿ ಕಾಲು ತೆಗೆದು ಇಳಿಯುವಾಗ ಅಂಕಿ ತುದಿಗೆ ಹೋಗಿ ಅಲ್ಲೇ ನಿಂತಿರುತ್ತೆ. ನ್ಯೂಟ್ರಲ್‌ನಲ್ಲಿ ತಿರುವಿಗೆ ಬಂದು ಬ್ರೇಕ್ ಒತ್ತಿ, ವೇಗ ಇಪ್ಪತ್ತಕ್ಕೆ ಬಂದರೆ ಅದೇ ಅಂಕಿ ಸರಸರ ಕೆಳಗೆ ಬೀಳುತ್ತೆ. ನೋಡಿದ ಮೇಲೆ ಯಾರೂ ವಾದ ಮಾಡುವುದಿಲ್ಲ.

ಇನ್ನು ಬ್ರೇಕಿನ ಕಥೆ. ಆಗುಂಬೆಯಿಂದ ಸೋಮೇಶ್ವರಕ್ಕೆ 14 ಹಿಮ್ಮುರಿ ತಿರುವು, ಸುಮಾರು 500 ಮೀಟರ್ ಇಳಿತ. ಒಂದು ಟನ್ ತೂಕದ ಕಾರು ಅಷ್ಟು ಎತ್ತರ ಹತ್ತಲು, ಆ ಎತ್ತರಕ್ಕೆ ಮಾತ್ರವೇ, ಅರ್ಧ ಲೀಟರಿನ ಆಸುಪಾಸು ಪೆಟ್ರೋಲ್ ಬೇಕು. ಇಳಿಯುವಾಗ ಆ ಶಕ್ತಿಯೆಲ್ಲ ಎಲ್ಲೋ ಕರಗಬೇಕಲ್ಲ? ಗೇರಿನಲ್ಲಿದ್ದರೆ ಅದರ ಒಳ್ಳೆ ಪಾಲನ್ನು ಎಂಜಿನ್ ತಿನ್ನುತ್ತೆ. ನ್ಯೂಟ್ರಲ್‌ನಲ್ಲಿ ಬಹುಪಾಲು ಬ್ರೇಕಿಗೇ ಹೋಗುತ್ತೆ. ಕೆಳಗೆ ಸೋಮೇಶ್ವರದಲ್ಲಿ ಕಾರು ನಿಲ್ಲಿಸಿಕೊಂಡು ಚಕ್ರದ ಹತ್ತಿರ ಬಗ್ಗಿ ನೋಡುತ್ತಿರುವವರನ್ನು ಕಂಡಿದ್ದೇನೆ. ಡಿಸ್ಕ್ ನೀಲಿಗಟ್ಟಿರುತ್ತೆ, ಲೈನರ್ ಸುಟ್ಟ ವಾಸನೆ ರಸ್ತೆಯ ಆಚೆಗೂ ಬರುತ್ತೆ. ಕೆಲವರು ಬಾಟಲಿ ನೀರು ಸುರಿಯುತ್ತಾರೆ. ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗುತ್ತೆ. ಎಂಜಿನ್ನನ್ನೇ ಆಫ್ ಮಾಡಿ ಇಳಿಯುವವರೂ ಇದ್ದಾರೆ. ಅವರಿಗೆ ಬ್ರೇಕ್ ಒತ್ತಲು ನೆರವಾಗುವ ಬೂಸ್ಟರ್ ಬಲವೂ ಹೋಗುತ್ತೆ, ಪವರ್ ಸ್ಟಿಯರಿಂಗೂ ಹೋಗುತ್ತೆ. ಆಟೋಮ್ಯಾಟಿಕ್ ಕಾರಿನವರು ‘ಎಲ್’ ಅಥವಾ ‘2’ ಎಂದಿರುವ ಕೆಳಗಿನ ಗೇರಿನಲ್ಲಿ ಇಳಿಯಬೇಕು.

ಕರಪತ್ರಕ್ಕೆ ಇನ್ನೂ ಇದೆ. ಒಂದು ತಿರುವಿನಿಂದ ಇನ್ನೊಂದಕ್ಕೆ ಜೋರಾಗಿ ಒತ್ತಿ, ಅಲ್ಲಿ ಗಕ್ಕನೆ ಬ್ರೇಕ್ ಹಾಕುವವರು ಪೆಟ್ರೋಲನ್ನು ಬ್ರೇಕಿನ ಬಿಸಿ ಮಾಡುತ್ತಿರುತ್ತಾರೆ. ಅಮೆರಿಕದ ಇಂಧನ ಇಲಾಖೆ ಹೇಳುವಂತೆ, ಒರಟಾಗಿ ಓಡಿಸಿದರೆ ಹೆದ್ದಾರಿಯಲ್ಲಿ ನೂರಕ್ಕೆ 15ರಿಂದ 30, ನಿಂತು ನಿಂತು ಹೋಗುವ ಕಡೆ 10ರಿಂದ 40ರಷ್ಟು ಮೈಲೇಜ್ ಕಡಿಮೆಯಾಗುತ್ತೆ. ವೇಗದ್ದೂ ಹಾಗೇ. ಗಾಳಿಯ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. ತುಮಕೂರು ರಸ್ತೆಯಲ್ಲಿ 80ರ ಬದಲು 100ರಲ್ಲಿ ಹೋದರೆ ಎಳೆತ ಒಂದೂವರೆ ಪಟ್ಟಿಗೂ ಜಾಸ್ತಿ. ನಿಂತಲ್ಲೇ ಸ್ಟಾರ್ಟಲ್ಲಿ ಇಟ್ಟರೆ ಚಿಕ್ಕ ಕಾರೂ ಗಂಟೆಗೆ ಅರ್ಧದಿಂದ ಒಂದು ಲೀಟರ್ ಕುಡಿಯುತ್ತೆ. ಸೂರ್ಯಾಸ್ತ ನೋಡಲು ನಿಲ್ಲಿಸಿ, ಎಸಿಗೋಸ್ಕರ ಸ್ಟಾರ್ಟಲ್ಲೇ ಬಿಟ್ಟಿರುತ್ತಾರೆ. ಹತ್ತುವವರಿಗೆ ದಾರಿ ಬಿಡಬೇಕು ಅಂತ ನಿಯಮವೂ ಇದೆ. ಏರಿನಲ್ಲಿ ನಿಂತ ಗಾಡಿ ಮತ್ತೆ ಹೊರಡಲು ಪೆಟ್ರೋಲೂ ಜಾಸ್ತಿ, ಕ್ಲಚ್ಚೂ ಸವೆಯುತ್ತೆ.

ಪದ ಕೇಳಿದ್ದಿರಿ. ನಮ್ಮ ಜನ ಆಡುವುದು ಇಷ್ಟೇ: ‘ನ್ಯೂಟ್ರಲ್ ಹಾಕಿ ಇಳಿಸೋದು’, ‘ಸ್ಟಾರ್ಟಲ್ಲಿ ಇಡೋದು’, ‘ಗೇರಲ್ಲಿ ಇಳಿಸೋದು’. ಇನ್ನು ಇಂಧನ ಕ್ಷಮತೆಗೆ ‘ಲೀಟರಿಗೆ ಎಷ್ಟು ಕೊಡುತ್ತೆ’.

ಉತ್ತರ – ಭದ್ರಾವತಿಯಿಂದ

ಇದು ಪದಚರ್ಚೆಯೋ, ಗ್ಯಾರೇಜೋ? ಅದಿರಲಿ. ನಮ್ಮ ಕಡೆಯ ಸಣ್ಣ ಇಳಿಜಾರಿನಲ್ಲಿ ಗೇರಿನಲ್ಲಿದ್ದರೆ ಗಾಡಿ ನಿಂತೇ ಹೋಗುತ್ತೆ. ನ್ಯೂಟ್ರಲ್‌ನಲ್ಲಿ ದೂರ ಹೋಗುತ್ತೆ. ಅಲ್ಲಿ ಉಳಿಯುವುದಿಲ್ಲವೇ?

ಉತ್ತರ – ಹೊಸನಗರದಿಂದ

ಅಲ್ಲಿ ಸ್ವಲ್ಪ ಉಳಿಯಬಹುದು. ಟಾಪ್ ಗೇರಿನಲ್ಲಿ ಕಾಲನ್ನು ಹಗುರಾಗಿ ಇಟ್ಟುಕೊಂಡು ಹೋದರೆ ಹೆಚ್ಚು ಕಡಿಮೆ ಅಷ್ಟೇ ಉಳಿಯುತ್ತೆ, ಗಾಡಿಯೂ ಕೈಯಲ್ಲಿರುತ್ತೆ. ಫಲಕ ಇರುವುದು ಘಾಟಿಗೆ. ಅಲ್ಲಿ ಈ ವಾದಕ್ಕೆ ಜಾಗವಿಲ್ಲ.

ಉತ್ತರ – ಸಾಗರದಿಂದ

ಅಂದರೆ ನ್ಯೂಟ್ರಲ್, ಗೇರ್, ಸ್ಟಾರ್ಟ್, ಲೀಟರ್. ನಡುವೆ ‘ಹಾಕಿ’, ‘ಇಳಿಸೋದು’ ಮಾತ್ರ ಕನ್ನಡ. ಇದಕ್ಕೆ ಇಷ್ಟು ಉದ್ದ ಬರೆಯಬೇಕಿತ್ತಾ?

ಗೇರನ್ನೇ ತೆಗೆದುಕೊಳ್ಳಿ. ನಮಗೆ ಗೇರು ಅಂದರೆ ಮರ. ಮೊದಲು ಅದು ಕಾಡಿನ ಕರಿಗೇರಿನ ಹೆಸರು. ಪೋರ್ಚುಗೀಸರು ಬ್ರೆಜಿಲಿನಿಂದ ಗೋಡಂಬಿ ತಂದಾಗ ನಮ್ಮ ಹಳ್ಳಿಯವರು ಅವರ ಹೆಸರಿಗೆ ಕೈಚಾಚಲಿಲ್ಲ. ಇದ್ದ ಹೆಸರನ್ನೇ ಕೊಟ್ಟರು. ಮೆಣಸಿನಕಾಯಿ ಬಂದಾಗಲೂ ಕರಿಮೆಣಸಿನ ಹೆಸರನ್ನೇ ಕೊಟ್ಟರು. ಓದು ಬರಹ ಇಲ್ಲದವರಿಗೆ ಇದ್ದ ಧೈರ್ಯ ನಮಗೆ ಯಾಕಿಲ್ಲ?

ಉತ್ತರ – ಶಿವಮೊಗ್ಗದಿಂದ

ನಿಮ್ಮ ಸಾಗರ, ಸೊರಬದ ಕಡೆ ಬೆಳೆಯುವ ಅನಾನಸು ಹೆಸರಿನ ಸಮೇತ ಬಂತು. ಅದನ್ನು ಯಾರೂ ಬದಲಿಸಲಿಲ್ಲ. ಅದೇ ಹಳ್ಳಿಯವರು.

ಉತ್ತರ – ಕೊಪ್ಪದಿಂದ

ಇಬ್ಬರ ಮಾತೂ ನಿಜ. ಆದರೆ ಎರಡು ಸಲವೂ ಹೆಸರು ಗಟ್ಟಿ ಮಾಡಿದವರು ಬೆಳೆದವರು, ತಿಂದವರು, ಮಾರಿದವರು. ಇಲ್ಲಿ ಓಡಿಸುವವರು ‘ಗೇರು’ ಎಂದು ಗಟ್ಟಿ ಮಾಡಿಯಾಗಿದೆ. ಉಕಾರ ಸೇರಿಸಿ, ಗೇರಿನಲ್ಲಿ, ಗೇರಿಗೆ ಎಂದು ವಿಭಕ್ತಿ ಹಚ್ಚಿ ದುಡಿಸುತ್ತಿದ್ದಾರೆ. ಮರದ ಜೊತೆ ಗೊಂದಲ ಆದದ್ದನ್ನು ನಾನಂತೂ ಕೇಳಿಲ್ಲ.

ನಮಗೆ ಬೇಕಾದದ್ದು ನಾಮಪದ ಅಲ್ಲ, ಕ್ರಿಯಾಪದ. ಕೋಸ್ಟಿಂಗ್ ಅನ್ನುವುದಕ್ಕೆ ಹೆಸರು ಕೊಟ್ಟು, ಆಮೇಲೆ ಅದನ್ನು ಮಾಡಬೇಡಿ ಅನ್ನುವುದು ಸುತ್ತುದಾರಿ. ಏನು ಮಾಡಬೇಕೋ ಅದನ್ನೇ ಹೇಳಿ. ‘ಇಳಿ’ ಎಂಬ ಧಾತು ನಮ್ಮ ಕೈಯಲ್ಲೇ ಇದೆ:

ಗೇರ್ ಇಳಿಸಿ, ಘಾಟಿ ಇಳಿಯಿರಿ.

ಗೇರ್ ಇಳಿಸುವುದು ಅಂದರೆ ಕೆಳಗಿನ ಗೇರಿಗೆ ಬರುವುದು. ಎಲ್ಲರೂ ಹಾಗೇ ಅನ್ನುತ್ತಾರೆ. ‘ಘಾಟಿ’ ಬಿಟ್ಟು ಬರೀ ‘ಗೇರಿನಲ್ಲಿ ಇಳಿಯಿರಿ’ ಅಂದರೆ ಕಾರಿನಿಂದ ಇಳಿಯುವ ಅರ್ಥ ಬರುತ್ತೆ, ಅದು ಬೇಡ.

ಉತ್ತರ – ಸಾಗರದಿಂದ

ಸಾಲು ಚೆನ್ನಾಗಿದೆ. ಒಪ್ಪಿದೆ. ‘ಗಾಟಿ’ ಎಂದು ಬರೆಸಿ. ಮಹಾಪ್ರಾಣವನ್ನು ಯಾರೂ ಉಲಿಯುವುದಿಲ್ಲ.

ಉತ್ತರ – ಶಿವಮೊಗ್ಗದಿಂದ

ಕಾಗುಣಿತ ತಿದ್ದುವ ಚಳವಳಿ ರಸ್ತೆ ಫಲಕದಲ್ಲಿ ಬೇಡ. ಹೊರಗಿನವರು ನಿಂತು ಯೋಚಿಸುವ ಜಾಗ ಅದಲ್ಲ. ‘ಘಾಟಿ’.

ಕೇಳಿಕೆ – ತೀರ್ಥಹಳ್ಳಿಯಿಂದ

ಎಲ್ಲರಿಗೂ ತುಂಬಾ ಧನ್ಯವಾದ. ಮೂಲದಲ್ಲಿ ಕೋಸ್ಟಿಂಗ್ ‘ಮಾಡಬೇಡಿ’ ಪಟ್ಟಿಯಲ್ಲೇ ಇದೆ. ‘ಘಾಟಿ’ಯನ್ನು ಹಾಗೇ ಇಡುತ್ತೇನೆ. ಫಲಕಕ್ಕೆ ಇದು:

ಗೇರ್ ಇಳಿಸಿ, ಘಾಟಿ ಇಳಿಯಿರಿ
ನ್ಯೂಟ್ರಲ್ ಬೇಡ: ಬ್ರೇಕ್ ಸುಡುತ್ತೆ, ಪೆಟ್ರೋಲ್ ಉಳಿಯಲ್ಲ

ಕರಪತ್ರದ ತಲೆಬರಹ ‘ನಿಮ್ಮ ಕಾರು ಲೀಟರಿಗೆ ಎಷ್ಟು ಕೊಡುತ್ತೆ?’ ಐಡ್ಲಿಂಗ್ ಬರುವ ಕಡೆ ‘ನಿಲ್ಲಿಸಿದರೆ ಎಂಜಿನ್ ಆರಿಸಿ’ ಎಂದು ಬರೆದೆ. ಎಂಜಿನ್ ಬ್ರೇಕಿಂಗ್ ಬರುವ ಕಡೆ ‘ಗೇರಿನ ಹಿಡಿತ’. ಚಾಲಕರಿಗೆ ಓದಿ ಹೇಳಿದೆ, ಯಾರೂ ಅರ್ಥ ಕೇಳಲಿಲ್ಲ. ‘ಉರುವಲು’ ಬಳಸಲಾಗಲಿಲ್ಲ. ನಮ್ಮಲ್ಲಿ ಅದು ಇನ್ನೂ ಒಲೆಯ ಸೌದೆಯೇ.

ಉತ್ತರ – ಹೊಸನಗರದಿಂದ

ಸರಿಯಾಗಿದೆ. ಪೇಂಟರಿಗೆ ಒಂದು ಮಾತು ಹೇಳಿ. ಜಾಗ ಸಾಲದೆ ಎರಡನೇ ಸಾಲು ಮುರಿಯಬೇಕಾಗಿ ಬಂದರೆ ‘ಬೇಡ’ ಆದಮೇಲೆ ಮುರಿಯಲಿ. ‘ನ್ಯೂಟ್ರಲ್’ ಒಂದು ಸಾಲಿಗೆ, ‘ಬೇಡ’ ಇನ್ನೊಂದು ಸಾಲಿಗೆ ಹೋದರೆ ಮಂಜಿನಲ್ಲಿ ಬರುವವರಿಗೆ ಮೊದಲನೆಯದು ಮಾತ್ರ ಕಾಣುತ್ತೆ.