ಯೇಸು ರಾಜ ಅಂತ ಒಪ್ಪಿಕೊಂಡ ಮೇಲೆ ಸೋಮವಾರ ಏನು ಬದಲಾಗಬೇಕು?

ಪ್ರಶ್ನೆ: ಯೇಸು ನನ್ನ ರಕ್ಷಕ ಅನ್ನುವುದು ನನಗೆ ಕಷ್ಟವಿಲ್ಲ. ಆತನೇ ನನ್ನ ರಾಜ ಅನ್ನುವಾಗ ತಡವರಿಸುತ್ತೇನೆ. ಭಾನುವಾರ ಕೈ ಎತ್ತಿ ಹಾಡುತ್ತೇನೆ, ಸೋಮವಾರ ಕೆಲಸದಲ್ಲಿ, ಮನೆಯಲ್ಲಿ ನನ್ನ ಮಾತೇ ನಡೆಯಬೇಕು. ನೀವೆಲ್ಲ ಹೇಗೆ ಬದುಕುತ್ತೀರಿ? ಸುಮ್ನೆ ಬೈಬಲ್ ವಾಕ್ಯ ಕಳಿಸಬೇಡಿ, ಅನುಭವ ಹೇಳಿ.

ಉತ್ತರ: ನನ್ನದು ಲೆಕ್ಕ ಬರೆಯುವ ಕೆಲಸ. ಒಂದು ಸಲ ಮೇಲಿನವರು ಬಿಲ್ ತಂದು, ಹಿಂದಿನ ತಿಂಗಳ ತಾರೀಕು ಹಾಕಿ ಎಂಟ್ರಿ ಮಾಡಿ ಅಂದರು. ಇದೇನು ಮಹಾ, ಎಲ್ಲರೂ ಮಾಡುತ್ತಾರೆ ಅಲ್ವಾ ಅಂತ ಮನಸ್ಸು ಹೇಳುತ್ತಲೇ ಇತ್ತು. "ಸರ್, ಇವತ್ತಿನ ತಾರೀಕೇ ಹಾಕುತ್ತೇನೆ, ತಡ ಯಾಕಾಯಿತು ಅಂತ ಪಕ್ಕದಲ್ಲಿ ಬರೆಯೋಣ" ಅಂದೆ. ಅವರು ಮಾತಾಡದೆ ಬಿಲ್ ಎತ್ತಿಕೊಂಡು ಪಕ್ಕದ ಟೇಬಲ್‌ಗೆ ಹೋದರು. ಆಮೇಲೆ ಸ್ವಲ್ಪ ಕಾಲ ನನ್ನ ಪಾಲಿಗೆ ಬರೀ ಹಳೇ ಫೈಲು ಜೋಡಿಸುವ ಕೆಲಸ. ದೇವರು ಪ್ರಮೋಶನ್ ಕೊಟ್ಟರು ಅನ್ನುವ ಸಾಕ್ಷಿ ನನ್ನ ಹತ್ತಿರ ಇಲ್ಲ. ಆದರೆ ರಾಜ ಯಾರು ಅಂತ ಗೊತ್ತಾಗುವುದು ನಷ್ಟ ಆಗುವ ಕಡೆಯೇ. ಬೈಬಲ್‌ನಲ್ಲಿ ಬರುವ ಸುಂಕ ವಸೂಲಿಗಾರ ಜಕ್ಕಾಯನನ್ನೇ ನೋಡಿ. ಯೇಸು ಮನೆಗೆ ಬಂದಾಗ ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಅಂದ.

ಉತ್ತರ: ಅಣ್ಣ ಹೇಳಿದ್ದು ಸರಿ. ನಾನು ಮನೆಯ ವಿಷಯ ಹೇಳುತ್ತೇನೆ. ಲೋಕಕ್ಕೆ ಕ್ರಿಸ್ತ ರಾಜ, ಮನೆಗೆ ನಾನು ರಾಜ ಅನ್ನೋ ಥರ ನಡೆದುಕೊಳ್ಳುವ ವಿಶ್ವಾಸಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಬೈಬಲ್‌ನ ಮಾರ್ಕನ ಸುವಾರ್ತೆ 10ನೇ ಅಧ್ಯಾಯದಲ್ಲಿ ಯೇಸು ಹೇಳಿದ್ದು ಇದಕ್ಕೆ ಪೂರ್ತಿ ಉಲ್ಟಾ: ಲೋಕದ ದೊರೆಗಳು ದಬ್ಬಾಳಿಕೆ ಮಾಡುತ್ತಾರೆ, ನಿಮ್ಮಲ್ಲಿ ಹಾಗಿರಬಾರದು. ಮಾವ ಹಾಸಿಗೆ ಹಿಡಿದಾಗ ನಮ್ಮ ಯಜಮಾನರು ಯಾರೂ ಹೇಳದೆ ಬಿಸಿನೀರು ತಂದು, ಅವರನ್ನು ಮೆಲ್ಲಗೆ ಒಂದು ಮಗ್ಗುಲಿಗೆ ಹೊರಳಿಸಿ, ಬೆನ್ನು ಒರೆಸಿ, ಬಟ್ಟೆ ಬದಲಿಸುತ್ತಿದ್ದರು. ಮೂಗು ಮುಚ್ಚಿಕೊಳ್ಳಲಿಲ್ಲ, ಅದರ ಬಗ್ಗೆ ಚರ್ಚ್ ಸಭೆಯಲ್ಲಿ ಒಂದು ಮಾತೂ ಆಡಲಿಲ್ಲ. ಶಿಷ್ಯರ ಕಾಲು ತೊಳೆದ ರಾಜನ ಕೆಳಗೆ ಇದ್ದಾರೆ ಅಂತ ನನಗೆ ಅನ್ನಿಸಿದ್ದು ಆಗ.

ಉತ್ತರ: ನಾವು ಕಥೋಲಿಕರು. ಕ್ರಿಸ್ತರಾಜರ ಹಬ್ಬ 1925ರಲ್ಲಿ ಹನ್ನೊಂದನೇ ಪಿಯೂಸ್ ಪೋಪ್ ಶುರು ಮಾಡಿದ್ದು. ಮೊದಲನೇ ಮಹಾಯುದ್ಧ ಮುಗಿದು ಜಾಸ್ತಿ ವರ್ಷ ಆಗಿರಲಿಲ್ಲ, ದೇಶದೇಶಗಳ ದ್ವೇಷ ಹಾಗೇ ಇತ್ತು. ಈಗ ಆಗಮನ ಕಾಲಕ್ಕೆ, ಅಂದರೆ ಕ್ರಿಸ್ಮಸ್‌ಗೆ ಸಿದ್ಧರಾಗುವ ವಾರಗಳಿಗೆ, ಮುಂಚಿನ ಭಾನುವಾರ ಆಚರಿಸುತ್ತೇವೆ. ಆ ದಿನ ಓದುವ ಶುಭಸಂದೇಶ (ಸುವಾರ್ತೆಯ ಭಾಗ) ಮೂರು ವರ್ಷಕ್ಕೊಂದು ಸುತ್ತು ಬರುತ್ತದೆ. ಒಂದು ವರ್ಷ, ಹಸಿದವನಿಗೆ ಕೊಟ್ಟಿದ್ದು ನನಗೇ ಕೊಟ್ಟ ಹಾಗೆ ಅನ್ನುವ ರಾಜ. ಇನ್ನೊಂದು ವರ್ಷ, ರೋಮನ್ ಅಧಿಕಾರಿ ಪಿಲಾತನ ಮುಂದೆ ಕೈದಿಯಾಗಿ ನಿಂತ ರಾಜ. ಮತ್ತೊಂದು ವರ್ಷ, ಶಿಲುಬೆಯ ಮೇಲೆ ಪಕ್ಕದ ಕಳ್ಳನ ಹತ್ತಿರ ಮಾತಾಡುವ ರಾಜ. ನನಗೆ ಮೊದಲನೆಯದೇ ಹೆಚ್ಚು ಕಾಡುತ್ತದೆ, ಅದಕ್ಕೇ ಹಬ್ಬದ ವಾರ ನಾವು ಮನೆಮಂದಿ ರೋಗಿಗಳನ್ನು ನೋಡಲು ಹೋಗುತ್ತೇವೆ.

ಉತ್ತರ: ಯೇಸು ಕಲಿಸಿದ ಪ್ರಾರ್ಥನೆಯಲ್ಲಿ "ನಿನ್ನ ರಾಜ್ಯವು ಬರಲಿ" ಅಂತ ಹೇಳುವಾಗ ನಿಲ್ಲಿಸಿ, ಇವತ್ತು ಎಲ್ಲಿ ಬರಲಿ ಅಂತ ಹೇಳಿ. ಫೋನ್, ದುಡ್ಡು, ಅತ್ತಿಗೆ ಮೇಲಿನ ಸಿಟ್ಟು, ಯಾವುದಾದರೂ ಒಂದು. ಅಷ್ಟೇ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ವಂದನೆ. ನನ್ನ ಕೆಲಸದಲ್ಲೂ ಇಂಥದ್ದೇ ಒಂದು ವಿಷಯ ಇದೆ. ಹೇಳಿದರೆ ಕೆಲಸ ಹೋಗಬಹುದು.

ಲೆಕ್ಕದವರು: ಹೋಗಲೂಬಹುದು, ಹೋಗಲ್ಲ ಅಂತ ನಾನು ಸುಳ್ಳು ಧೈರ್ಯ ಕೊಡಲ್ಲ. ಮೊದಲು ಮನೆಯವರ ಹತ್ತಿರ ಮಾತಾಡಿ. ಸಭೆಯಲ್ಲಿ ನಂಬಿಕೆಯ ಒಬ್ಬರಿಗೆ ನೀವು ಮೇಲಿನವರ ಹತ್ತಿರ ಮಾತಾಡುವ ದಿನ, ಹೊತ್ತು ತಿಳಿಸಿ, ಏನಾಯಿತು ಅಂತ ಅವರು ಸಂಜೆ ಫೋನ್ ಮಾಡಿ ಕೇಳಲಿ. ಮೇಲಿನವರ ಹತ್ತಿರ ಒಬ್ಬರೇ ಇರುವಾಗ ಹೇಳಿ, ಎಲ್ಲರ ಮುಂದೆ ಬೇಡ.