ಫ್ರೀ ಕರೆಂಟಿಂದಾನೇ ಬೋರ್‌ವೆಲ್ ಬತ್ತಿದ್ದಾ?

ಕೋಲಾರದ_ಹುಡುಗ:
10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ 2008ರಿಂದ ಕರೆಂಟು ಪೂರ್ತಿ ಫ್ರೀ, ಅದ್ರಿಂದ ಎಷ್ಟೋ ಸಣ್ಣ ರೈತ್ರು ಉಳ್ಕೊಂಡ್ರು, ಅದನ್ನ ಇಲ್ಲ ಅನ್ನಲ್ಲ. ಆದ್ರೆ ನಮ್ಮ ಕಡೆ ಈಗ ಸಾವಿರ ಅಡಿ ದಾಟಿ ಕೊರೆಸಿದ್ರೂ ಬರೀ ಧೂಳು ಬರುತ್ತೆ. ಬಿಲ್ ಹಾಕಿದ್ರೆ ಅಂತರ್ಜಲ ಉಳಿಯುತ್ತಾ, ಇಲ್ಲ ಬಡವ್ರಿಗೇ ಹೊಡ್ತಾನಾ?

ಐಪಿಸೆಟ್:
ಫ್ರೀ ಒಂದೇ ಕಾರಣ ಅಲ್ಲ ಸಾರ್, ವರ್ಷಪೂರ್ತಿ ಹರಿಯೋ ನದಿ ಇಲ್ಲ, ಕೆರೆಗಳಲ್ಲಿ ಹೂಳು. ಆದ್ರೆ ತ್ರೀ ಫೇಸ್ ಕೊಡೋದೇ ದಿನಕ್ಕೆ ಕೆಲವೇ ಗಂಟೆ, ಅದೂ ಎಷ್ಟೋ ಸಲ ನಡುರಾತ್ರೀಲಿ, ಅದಕ್ಕೇ ಎಲ್ರೂ ಆಟೋ ಸ್ಟಾರ್ಟರ್ ಹಾಕಿ ಮಲಗ್ತಾರೆ, ಕರೆಂಟು ಬಂದ ತಕ್ಷಣ ಸುತ್ತಮುತ್ತ ಮೋಟ್ರೆಲ್ಲಾ ಒಟ್ಟಿಗೆ ಓಡುತ್ತೆ, ಬೆಳೆಗೆ ಬೇಕೋ ಬೇಡ್ವೋ ನೀರು ಹರೀತಾನೇ ಇರುತ್ತೆ. ಬಿಲ್ ಬರಲ್ಲ ಅಂದ್ಮೇಲೆ ಎದ್ದು ಹೋಗಿ ಆಫ್ ಮಾಡೋರು ಯಾರು? ಬಹುಪಾಲು ಸೆಟ್ಟಿಗೆ ಮೀಟ್ರೂ ಇಲ್ಲ, ಅಂದಾಜು ಲೆಕ್ಕ, ಹಂಗಾಗಿ ಲೈನಲ್ಲಿ ಪೋಲಾಗೋ ಕರೆಂಟು, ಕಳ್ಳತನ ಎಲ್ಲಾನೂ ಕರೆಂಟು ಕಂಪ್ನಿಯೋರು ರೈತನ ಹೆಸ್ರಲ್ಲಿ ಬರೆದುಬಿಡ್ಬೋದು.

ಮೂಡಲಸೀಮೆ:
ಪಂಜಾಬ್ ನೋಡಿ. 1997ರಲ್ಲಿ ಫ್ರೀ ಕರೆಂಟು ಕೊಟ್ರು, ಭತ್ತಕ್ಕೆ ಸರ್ಕಾರದ ಖರೀದಿ ಗ್ಯಾರಂಟಿ ಬೇರೆ, ನೀರು ಪಾತಾಳಕ್ಕೆ ಹೋಯ್ತು. ಆಮೇಲೆ ಅಂತರ್ಜಲ ಉಳೀಲಿ ಅಂತ 2009ರಲ್ಲಿ ಜೂನ್ 10ಕ್ಕೆ ಮುಂಚೆ ಭತ್ತ ನಾಟಿ ಮಾಡಂಗಿಲ್ಲ ಅಂತ ಕಾನೂನು ತಂದ್ರು. ಅಲ್ಲಿಗೆ ಕಟಾವು ತಡ ಆಯ್ತು, ಗೋಧಿ ಬಿತ್ತೋಕೆ ಟೈಮೇ ಉಳೀಲಿಲ್ಲ, ಕೂಳೆಗೆ ಬೆಂಕಿ ಹಚ್ಚೋದು ನವೆಂಬರಿಗೆ ಬಂತು, ಗಾಳಿ ಮಂದ ಆಗೋ ಹೊತ್ತಲ್ಲಿ ಆ ಹೊಗೆ ದೆಹಲಿ ಕಡೆ ಹೋಗಿ ನಿಂತ್ಬಿಡುತ್ತೆ. ಕಾಸಿಲ್ಲದ ಕರೆಂಟನ್ನ ಹಾಗೇ ಬಿಟ್ಟು ಕ್ಯಾಲೆಂಡರ್ ತಿದ್ದೋಕೆ ಹೋದ್ರು. ಅಲ್ಲೇ 2018ರಲ್ಲಿ ಶುರು ಮಾಡಿದ ‘ಪಾನಿ ಬಚಾವೋ ಪೈಸೆ ಕಮಾವೋ’ (ನೀರು ಉಳ್ಸಿ, ದುಡ್ಡು ಗಳ್ಸಿ) ಯೋಜನೆ ನಂಗೆ ಸರಿ ಅನ್ಸುತ್ತೆ, ಇಷ್ಟು ಯೂನಿಟ್ ಕರೆಂಟು ನಿಂದು, ಉಳಿಸಿದ್ರೆ ಯೂನಿಟ್ಟಿಗೆ 4 ರೂಪಾಯಿ ನಿಂಗೇ.

ರಾಗಿಹೊಲ:
ಪಂಜಾಬಿನ ಮಾತು ಸರಿ ಅಣ್ಣಾ, ಆದ್ರೆ ನನ್ನ ಬೋರು ಬತ್ತಿದೆ, ಹಂಗಾಗಿ ಈ ಸಬ್ಸಿಡೀಲಿ ನಂಗೆ ಒಂದು ಪೈಸೇನೂ ಬರಲ್ಲ. ಸಾಲ ಮಾಡಿ ನಂಗಿಂತ ಆಳಕ್ಕೆ ಕೊರೆಸಿದ ಪಕ್ಕದೋನಿಗೆ ಪೂರ್ತಿ ಸಿಗುತ್ತೆ. ಮಳೆ ನಂಬಿ ರಾಗಿ ಹಾಕೋನಿಗೆ ಏನಿದೆ? ಎಕರೆ ಲೆಕ್ಕದಲ್ಲಿ ಎಲ್ರಿಗೂ ದುಡ್ಡು ಕೊಡ್ಲಿ, ಆಮೇಲೆ ಮೀಟರ್ ಹಾಕ್ಲಿ, ನಾನಂತೂ ಒಪ್ತೀನಿ.

ಕೋಲಾರದ_ಹುಡುಗ:
ಅದೇ ನ್ಯಾಯ ಅಣ್ಣಾ. ಆದ್ರೆ ನಮ್ಮೂರಲ್ಲಿ ಮೀಟರ್ ಅಂದ್ರೆ ಸಾಕು ಜಗಳಕ್ಕೆ ಬರ್ತಾರೆ. ಗ್ಯಾಸ್ ಸಬ್ಸಿಡಿ ಅಕೌಂಟಿಗೆ ಹಾಕ್ತೀವಿ ಅಂತ ಹೇಳಿ 2020ರಲ್ಲಿ ಮಾಮೂಲಿ ಕನೆಕ್ಷನ್‌ನೋರಿಗೆ ನಿಲ್ಸಿಬಿಟ್ರಲ್ಲ, ಅದನ್ನ ಯಾರೂ ಮರ್ತಿಲ್ಲ. ದುಡ್ಡು ನಿಲ್ಸಂಗಿಲ್ಲ ಅಂತ ಕಾನೂನಲ್ಲೇ ಬರೀಬೇಕು, ಇಲ್ಲಾಂದ್ರೆ ಯಾರೂ ಮೀಟರ್ ಮುಟ್ಟೋಕೂ ಬಿಡಲ್ಲ.